ದೊಡ್ಡವ್ವನ ಮೇಣ, ಅಪ್ಪನ ಮ್ಯಾಗ್ನೆಟೊ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಪಡಸಾಲೆಯ ನೆಲದ ಮೇಲೆ ಒಂದಿಡೀ ಮಳೆಗಾಲ ಒಂದು ಚಿತ್ರ ಇತ್ತು. ಸೀಮೆಸುಣ್ಣದಿಂದ ಅಪ್ಪ ಬರೆದದ್ದು. ನಡುವೆ ದೊಡ್ಡ ಚಕ್ರ, ಚಕ್ರದ ಅಂಚಿನಲ್ಲಿ ಲಾಳದಂಥ ಎರಡು ತುಂಡು, ಪಕ್ಕದಲ್ಲಿ ದಾರದ ಉಂಡೆಯಂಥ ಏನೋ ಒಂದು. ನೆಲ ಸಾರಿಸುವಾಗ ಅವ್ವ ಅದರ ಸುತ್ತ ಸಾರಿಸುತ್ತಿದ್ದಳು, ಅದರ ಮೇಲೆ ಕೈ ಆಡಿಸುತ್ತಿರಲಿಲ್ಲ. ತಾನು ಹಾಕಿದ ರಂಗೋಲಿಯನ್ನೂ ಅವಳು ಅಷ್ಟು ಜೋಪಾನ ಮಾಡಿದವಳಲ್ಲ. ನಾನು ಮರೆತು ಅದರ ಮೇಲೆ ಕಾಲಿಟ್ಟರೆ ಅಪ್ಪ ಬೈಯುತ್ತಿರಲಿಲ್ಲ. ಸುಣ್ಣ ತಂದು ಅಳಿಸಿದ ಗೆರೆಯನ್ನು ಮತ್ತೆ ಎಳೆಯುತ್ತಿದ್ದ. ಒಮ್ಮೊಮ್ಮೆ ಹೊಸ ಗೆರೆ ಹಳೆಯದಕ್ಕಿಂತ ಬೇರೆ ಕಡೆ ಹೋಗುತ್ತಿತ್ತು. ಆಗ ಅದನ್ನೇ ನೋಡುತ್ತ ಬಹಳ ಹೊತ್ತು ಕೂತಿರುತ್ತಿದ್ದ.

ಅದು ಮ್ಯಾಗ್ನೆಟೊ ಎಂಬ ಯಂತ್ರದ ನಕ್ಷೆ.

ನಮ್ಮೂರು ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಇತ್ತು. ಆಗ ಅಲ್ಲಿಗೆ ಕರೆಂಟು ಬಂದಿರಲಿಲ್ಲ. ಗದ್ದೆಯ ಬಯಲಿನಾಚೆ ಊರಿನವರೆಲ್ಲ ಸೇರಿ ನಡೆಸುವ ಒಂದು ಆಲೆಮನೆ ಇತ್ತು. ಗಾಣದಲ್ಲಿ ಕಬ್ಬು ಅರೆದು, ಬಂದ ಹಾಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕಾಸಿ ಬೆಲ್ಲ ಮಾಡುವ ಚಪ್ಪರ ಅದು. ಮೊದಲು ಗಾಣವನ್ನು ಕೋಣಗಳು ತಿರುಗಿಸುತ್ತಿದ್ದವು. ಆಮೇಲೆ ಊರಿನವರು ಹಳೆಯದೊಂದು ಸೀಮೆಎಣ್ಣೆ ಎಂಜಿನ್ ತಂದರು. ಅದು ಸ್ವಲ್ಪ ಕಾಲ ಓಡಿತು. ಒಂದು ದಿನ ಅದರ ಮ್ಯಾಗ್ನೆಟೊ ಸುಟ್ಟುಹೋಯಿತು. ಎಂಜಿನ್ನು ಯಾವುದೋ ದೂರದ ದೇಶದ್ದು. ಅದಕ್ಕೆ ಹೊಂದುವ ಇನ್ನೊಂದು ಮ್ಯಾಗ್ನೆಟೊ ಶಿರಸಿಯಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಮದುವೆಗೆ ಮೊದಲು ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದ್ದ ಅಪ್ಪ, "ನಾನ ಮಾಡತೀನಿ ತಗೋರಿ," ಎಂದುಬಿಟ್ಟ.

ಮ್ಯಾಗ್ನೆಟೊ ಮಾಡುವ ಕೆಲಸ ಕೇಳಲು ಸುಲಭ. ಎಂಜಿನ್ನಿನ ಹೊಟ್ಟೆಯಲ್ಲಿ ಎಣ್ಣೆಯ ಆವಿ ತುಂಬಿಕೊಳ್ಳುತ್ತದೆ. ಸರಿಯಾದ ಗಳಿಗೆಯಲ್ಲಿ ಅದಕ್ಕೊಂದು ಕಿಡಿ ತಾಗಬೇಕು. ತಂತಿಯ ಸುರುಳಿಯ ಹತ್ತಿರ ಅಯಸ್ಕಾಂತ ತಿರುಗಿದರೆ ತಂತಿಯೊಳಗೆ ವಿದ್ಯುತ್ತು ಹುಟ್ಟುತ್ತದೆ. ಅದು ಹರಿಯುತ್ತಿರುವಾಗ ಥಟ್ಟನೆ ದಾರಿ ಕಡಿದರೆ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಜಿಗಿಯುತ್ತದೆ. ಬ್ಯಾಟರಿ ಬೇಡ, ಬೆಂಕಿಕಡ್ಡಿ ಬೇಡ. ಹಳೆಯ ಮ್ಯಾಗ್ನೆಟೊದಲ್ಲಿ ಸುರುಳಿಯೇ ತಿರುಗುತ್ತಿತ್ತು. ತಿರುಗಿ ತಿರುಗಿ ತಂತಿ ಸವೆದಿತ್ತು. ಅಪ್ಪ ಅದನ್ನು ತಿರುವುಮುರುವು ಮಾಡಿದ. ತನ್ನ ಮ್ಯಾಗ್ನೆಟೊದಲ್ಲಿ ಸುರುಳಿ ಅಲುಗದೆ ನಿಲ್ಲಲಿ, ಅಯಸ್ಕಾಂತಗಳು ಚಕ್ರದ ಜೊತೆ ತಿರುಗಲಿ ಎಂದ. ಸುರುಳಿಯನ್ನು ಸಿಲಿಂಡರಿನ ಮಗ್ಗುಲಲ್ಲೇ, ಪ್ಲಗ್ಗಿಗೆ ಆದಷ್ಟು ಹತ್ತಿರ ಕೂರಿಸಿದರೆ ನಡುವಿನ ತಂತಿ ಗಿಡ್ಡವಾಗುತ್ತದೆ, ಕಿಡಿಯ ಬಲ ದಾರಿಯಲ್ಲಿ ಸೋರಿಹೋಗುವುದಿಲ್ಲ. ನೆಲದ ಮೇಲಿನ ಗೆರೆಗಳೆಲ್ಲ ಈ ಒಂದು ಯೋಚನೆಯ ಸುತ್ತ ಅಲೆದದ್ದು.

ಸುರುಳಿ ಸುತ್ತಿದವಳು ಅಕ್ಕ. ತಂತಿ ತಲೆಗೂದಲಿನಷ್ಟು ಸಣ್ಣ, ಜೋರಾಗಿ ಉಸಿರು ಬಿಟ್ಟರೂ ಅಲುಗುವಂಥದ್ದು. ಅಪ್ಪ ಅಟ್ಟದಲ್ಲಿದ್ದ ನೂಲುವ ರಾಟಿಯನ್ನು ಇಳಿಸಿ, ಕದಿರಿನ ಜಾಗದಲ್ಲಿ ಕಬ್ಬಿಣದ ಪಟ್ಟಿಗಳ ಕಟ್ಟೊಂದನ್ನು ಸಿಕ್ಕಿಸಿಕೊಟ್ಟ. ಅಕ್ಕ ಎಡಗೈಯಲ್ಲಿ ರಾಟಿ ತಿರುಗಿಸುತ್ತ, ಬಲಗೈ ಬೆರಳಿನಲ್ಲಿ ತಂತಿಯನ್ನು ಸುತ್ತಿನ ಪಕ್ಕಕ್ಕೆ ಸುತ್ತು ಕೂರಿಸುತ್ತಿದ್ದಳು. ಒಂದು ಪದರ ಮುಗಿದರೆ ಮೇಲೊಂದು ತೆಳು ಕಾಗದ. ಕಾಗದದ ಮೇಲೆ ಮತ್ತೆ ತಂತಿ. ಪದರದಿಂದ ಪದರಕ್ಕೆ ವಿದ್ಯುತ್ತು ಹಾರಬಾರದು. ಹಾರಿದರೆ ಪ್ಲಗ್ಗಿಗೆ ಏನೂ ತಲುಪುವುದಿಲ್ಲ. ಅದಕ್ಕೆ ಪ್ರತಿ ಕಾಗದಕ್ಕೂ ನೀರು, ಗಾಳಿ, ವಿದ್ಯುತ್ತು ಯಾವುದನ್ನೂ ಬಿಟ್ಟುಕೊಡದ ಏನನ್ನಾದರೂ ಹಚ್ಚಬೇಕಿತ್ತು.

ಆ ಏನಾದರೂ ದೊಡ್ಡವ್ವನ ಮನೆಯಲ್ಲಿತ್ತು.

ದೊಡ್ಡವ್ವ ನಮ್ಮ ಅಪ್ಪನ ಅಣ್ಣನ ಹೆಂಡತಿ, ಕೆರೆಯ ದಂಡೆಯ ಮನೆಯಲ್ಲಿ ಒಬ್ಬಳೇ ಇದ್ದಳು. ದೊಡ್ಡಪ್ಪ ಬದುಕಿದ್ದಾಗ ವಾನಳ್ಳಿ ಕಡೆಯ ಕಾಡಿನಲ್ಲಿ ಜೇನು ಬಿಡಿಸುವವರಿಂದ ವರ್ಷಕ್ಕೊಮ್ಮೆ ಒಂದು ದೊಡ್ಡ ಉಂಡೆ ಜೇನುಮೇಣ ತರುತ್ತಿದ್ದನಂತೆ. ಆ ಕಾಲದ ಹೆಂಗಸರು ಹಣೆಗೆ ಮೊದಲು ಒಂದಿಷ್ಟು ಮೇಣ ಹಚ್ಚಿ, ಅದರ ಮೇಲೆ ಕುಂಕುಮ ಇಡುತ್ತಿದ್ದರು. ಬೆವರಿದರೂ ಕುಂಕುಮ ಅಳಿಸುತ್ತಿರಲಿಲ್ಲ. ದೊಡ್ಡಪ್ಪ ತೀರಿಕೊಂಡ ವರ್ಷ ತಂದಿದ್ದ ಉಂಡೆ ಹಾಗೇ ಉಳಿದಿತ್ತು. ಅಪ್ಪನಿಗೆ ಮೇಣ ಬೇಕೆಂದು ಯಾರಿಂದಲೋ ಕೇಳಿ ದೊಡ್ಡವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಾನಾಗಿ ಬಂದಳು.

"ನನಗೇನ್ ಮಾಡೂದೈತಿ ಇನ್ನ. ಎಂಜಿನ್ನರ ಹಚಗೊಳ್ಳಲಿ," ಎಂದಳು. ಅಕ್ಕ ನಕ್ಕಳು. ದೊಡ್ಡವ್ವನೂ ನಕ್ಕಳು. ಅಪ್ಪ ನಗಲಿಲ್ಲ, ಎರಡೂ ಕೈಯಲ್ಲಿ ಉಂಡೆಯನ್ನು ತೆಗೆದುಕೊಂಡು, "ಈ ಸಲ ಆಲೆಮನಿ ಮೊದಲನೇ ಪಾಳಿ ನಿಂದ ವೈನಿ," ಎಂದ.

ದೊಡ್ಡವ್ವನಿಗೆ ಮೊದಲ ಪಾಳಿ ಬೇಕಾಗಿಯೂ ಇತ್ತು. ಹಾವೇರಿ ಕಡೆ ಕೊಟ್ಟಿದ್ದ ಅವಳ ಮಗಳು ಬಸುರಿಯಾಗಿದ್ದಳು, ಸಂಕ್ರಾಂತಿಯ ಸುಮಾರಿಗೆ ಮಗುವಿನ ತೊಟ್ಟಿಲ ಶಾಸ್ತ್ರ ಬರುವುದಿತ್ತು. ಬಾಣಂತಿಯ ಅಂಟಿನ ಉಂಡೆಗೆ ತವರಿನಿಂದ ಬೆಲ್ಲ ಹೋಗಬೇಕು, ಅದೂ ಅಚ್ಚಿನಲ್ಲಿ ಹೊಯ್ದ ಗಟ್ಟಿ ಬೆಲ್ಲ. ಕೆರೆಯ ಕೆಳಗೆ ಅವಳದೊಂದು ಚಿಕ್ಕ ಕಬ್ಬಿನ ಪಟ್ಟಿ ಇತ್ತು. "ಬೀಗರ ಮನ್ಯಾಗ ಬರಿಗೈಲೆ ಹೋಗಿ ಕೂಡ್ರಾಕ ಬರತೈತೇನ್ ಹೇಳು," ಎಂದು ಅವಳು ಅವ್ವನ ಹತ್ತಿರ ಹೇಳುತ್ತಿದ್ದದ್ದು ನನಗೆ ನೆನಪಿದೆ.

ಮೇಣ ಕರಗಿಸುವಾಗ ಮನೆಯೆಲ್ಲ ಜೇನಿನ ವಾಸನೆ ತುಂಬಿತು. ಅಕ್ಕ ಕೋಳಿಯ ಗರಿಯಲ್ಲಿ ಅದನ್ನು ಕಾಗದಕ್ಕೆ ಬಳಿಯುತ್ತಿದ್ದಳು. ತಣ್ಣಗಾದ ಮೇಲೆ ಸುರುಳಿ ಹಳದಿಯಾಗಿ, ನುಣ್ಣಗೆ, ಮುಟ್ಟಿದರೆ ತಂಪಾಗಿ ಇರುತ್ತಿತ್ತು. ನಾನು ಗುಟ್ಟಾಗಿ ಅದನ್ನು ಕೆನ್ನೆಗೆ ಒತ್ತಿಕೊಂಡಿದ್ದೆ.

ಒಂದು ಸಂಜೆ, ರಿಪೇರಿಗೆಂದು ಮನೆಗೆ ತಂದಿದ್ದ ಎಂಜಿನ್ನನ್ನು ಅಂಗಳದಲ್ಲಿ ಹಚ್ಚಿ ನೋಡಿದರು. ಅಪ್ಪ ಹ್ಯಾಂಡಲು ತಿರುಗಿಸಿದ. ಎಂಜಿನ್ನು ಕೆಮ್ಮಿತು, ಹೊಗೆ ಬಿಟ್ಟಿತು, ಆಮೇಲೆ ಟಕ್ ಟಕ್ ಟಕ್ ಎಂದು ಓಡಲು ಹಿಡಿಯಿತು. ಕೊಟ್ಟಿಗೆಯಲ್ಲಿ ಎಮ್ಮೆ ಹೆದರಿ ಕಣ್ಣಿ ಎಳೆಯಿತು. ನಾವೆಲ್ಲ ಕೂಗಿದೆವು. ಅಪ್ಪ ಕೈ ಎತ್ತಿ ನಮ್ಮನ್ನು ಸುಮ್ಮನಾಗಿಸಿ, ತಲೆ ವಾರೆ ಮಾಡಿ ಅದರ ಸದ್ದು ಕೇಳಿದ. ತೃಪ್ತಿಯಾದ ಕೂಡಲೇ ನಿಲ್ಲಿಸಿದ. ಸೀಮೆಎಣ್ಣೆ ರೇಷನ್ ಕಾರ್ಡಿನಲ್ಲಿ ಸಿಗುತ್ತಿದ್ದ ಕಾಲ ಅದು; ಚಿಮಣಿ ದೀಪಕ್ಕೇ ಸಾಲುತ್ತಿರಲಿಲ್ಲ. ಸುಮ್ಮನೆ ಓಡಿಸಿ ಎಣ್ಣೆ ಸುಡುವುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯುವ ವಿಷಯ ಆಗಿರಲಿಲ್ಲ. ಅದಕ್ಕೇ ಎಂಜಿನ್ನು ಬಿಸಿಯಾಗುವಷ್ಟು ಹೊತ್ತು ಅದನ್ನು ಯಾರೂ ಓಡಿಸಿ ನೋಡಲಿಲ್ಲ.

ಎಂಜಿನ್ನು ಓಡಿತೆಂಬ ಸುದ್ದಿ ಆಲೆಮನೆಗೆ ಹೋಯಿತು. ಊರಿನ ಕೋಣಗಳನ್ನು ಪಕ್ಕದ ಊರಿನ ಗಾಣಕ್ಕೆ ಕೊಟ್ಟು ಕಳಿಸಿದರು. ನಮ್ಮ ಗಾಣಕ್ಕೆ ಚರ್ಮದ ಪಟ್ಟಾ ಏರಿಸಿದರು. ದೊಡ್ಡವ್ವ ಕಬ್ಬು ಕಡಿಸಿದಳು.

ಸಂಕ್ರಾಂತಿ ಕಳೆದ ಚಳಿಯ ಬೆಳಗು. ಗದ್ದೆಯ ಬದುವಿನ ಹುಲ್ಲಿನ ಮೇಲೆ ಇಬ್ಬನಿ ಬಿದ್ದು ಕಾಲು ಮರಗಟ್ಟುತ್ತಿತ್ತು. ನಾವು ಆಲೆಮನೆಗೆ ಹೋದಾಗ ಅರ್ಧ ಊರು ಅಲ್ಲಿತ್ತು, ಎಲ್ಲರ ಕೈಯಲ್ಲೂ ತಂಬಿಗೆ. ಆಲೆಮನೆಗೆ ಬಂದವರಿಗೆ ಕಬ್ಬಿನ ಹಾಲು ಇಲ್ಲವೆನ್ನುವಂತಿಲ್ಲ. ದಾರಿಹೋಕನಾದರೂ ಸರಿ, ಕುಡಿದೇ ಹೋಗಬೇಕು. ಬೆಲ್ಲ ಕಾಸುವ ಮುದುಕನೊಬ್ಬನಿದ್ದ; ನಾವು ಅವನನ್ನು ಬೆಲ್ಲದಜ್ಜ ಎನ್ನುತ್ತಿದ್ದೆವು. ಅವನು ಕೊಪ್ಪರಿಗೆಗೆ ಕುಂಕುಮ ಇಟ್ಟು, ಒಲೆಯ ಬಾಯಿಗೆ ಕಾಯಿ ಒಡೆದು, ಬೆಂಕಿ ಮಾತ್ರ ಹಚ್ಚದೆ ಕೂತಿದ್ದ. ಹಾಲು ತುಂಬುವ ತನಕ ಅವನು ಹಚ್ಚುವವನಲ್ಲ.

ಎಂಜಿನ್ನು ಒಂದೇ ಸುತ್ತಿಗೆ ಹತ್ತಿಕೊಂಡಿತು. ಪಟ್ಟಾ ಓಡಿತು, ಗಾಣ ತಿರುಗಿತು. ದೊಡ್ಡವ್ವ ಮೊದಲ ಜಲ್ಲೆಯನ್ನು ತನ್ನ ಕೈಯಾರೆ ಗಾಣಕ್ಕೆ ಕೊಟ್ಟಳು. ಹಸಿರು ಹಾಲು ನೊರೆಯಾಗಿ ಕೆಳಗಿನ ಪಾತ್ರೆಗೆ ಬಿತ್ತು. ಜನ ಕುಡಿದರು, ಮೀಸೆ ಒರೆಸಿದರು, ಅಪ್ಪನ ಬೆನ್ನು ತಟ್ಟಿದರು. ನಾನು ಹಾಲು ಕುಡಿಯುತ್ತ ಅಪ್ಪನ ಮುಖ ನೋಡುತ್ತಿದ್ದೆ. ಅಷ್ಟು ಸುಮ್ಮನೆ, ಅಷ್ಟು ಒಳಗೊಳಗೇ ಸಂತೋಷವಾಗಿದ್ದ ಮುಖವನ್ನು ಆಮೇಲೆ ನಾನು ಹೆಚ್ಚು ಸಲ ಕಂಡಿಲ್ಲ.

ಬಿಸಿಲು ಏರುತ್ತ ಬಂದಂತೆ ಎಂಜಿನ್ನಿನ ಸದ್ದು ಬದಲಾಯಿತು. ನಡುನಡುವೆ ಒಂದೊಂದು ಟಕ್ ಬಿಟ್ಟುಹೋಗುತ್ತಿತ್ತು. ಆಮೇಲೆ ಎರಡೆರಡು. ಪಟ್ಟಾ ಜೋಲಿ ಹೊಡೆಯಿತು. ಒಂದು ದೊಡ್ಡ ಹೊಗೆಯ ಉಸಿರು ಬಿಟ್ಟು ಎಂಜಿನ್ನು ನಿಂತೇಹೋಯಿತು. ಅರ್ಧ ಅರೆದ ಜಲ್ಲೆ ಗಾಣದ ಬಾಯಲ್ಲೇ ಉಳಿಯಿತು.

ಅಪ್ಪ ಹ್ಯಾಂಡಲು ತಿರುಗಿಸಿದ. ಮತ್ತೆ ತಿರುಗಿಸಿದ. ಪ್ಲಗ್ಗು ಬಿಚ್ಚಿ ಒರೆಸಿ ಹಾಕಿ ತಿರುಗಿಸಿದ. ಅಂಗಿ ಬೆನ್ನಿಗೆ ಅಂಟಿತು.

"ಏನೋ ತಮ್ಮಾ, ಎಂಜಿನ್ನಿಗೂ ಹಾಲು ಕುಡಸಿಯೇನು? ಹೊಟ್ಟಿ ತುಂಬಿ ಮಲಗೇತಲ್ಲೋ!" ಎಂದು ಗುಂಪಿನಿಂದ ಯಾರೋ ಅಂದರು.

"ಕೋಣಾ ಇದ್ದಿದ್ರ ಒಂದು ಬಾರುಕೋಲು ತೋರಿಸಿದ್ರ ಸಾಕಿತ್ತು. ಇದಕ್ಕ ಏನ್ ತೋರಸತಿ?" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಕೆಟ್ಟ ನಗು ಅಲ್ಲ. ಹೊಟ್ಟೆ ತುಂಬಿದವರ ನಗು.

ಕಬ್ಬಿನ ರಾಶಿಯ ಮೇಲೆ ಕೂತಿದ್ದ ದೊಡ್ಡವ್ವ ತಿರುಗಿ ನೋಡಿದಳು. "ನನ್ನ ಕಬ್ಬಿನ ಹಾಲು ಕುಡದ ಬಾಯಿಲೆ ಅವಗ ಅಂತೀರೇನು? ಸುಮ್ಮನ ಕೂಡ್ರಿ."

ಅಪ್ಪ ಪ್ಲಗ್ಗನ್ನು ತಂತಿಯ ಸಮೇತ ಹೊರಗೆಳೆದು ಎಂಜಿನ್ನಿನ ಮೈಗೆ ತಾಗಿಸಿಟ್ಟು ಚಕ್ರ ತಿರುಗಿಸಿದ. ಮನೆಯ ಅಂಗಳದಲ್ಲಿ ಹಚ್ಚಿ ನೋಡಿದ ಆ ಸಂಜೆ ಅಲ್ಲಿ ನೀಲಿ ಕಿಡಿ ಚಟಾರೆಂದು ಹಾರಿತ್ತು. ಈಗ ಬೂದಿಯೊಳಗಿನ ಕೆಂಡದಂಥ ಒಂದು ಮಂಕು ಕೆಂಪು, ಅದೂ ಒಮ್ಮೆ ಕಂಡರೆ ಒಮ್ಮೆ ಇಲ್ಲ. ಅಷ್ಟರಲ್ಲಿ ನನಗೆ ಜೇನಿನ ವಾಸನೆ ಬಂತು. ಹೊಗೆ, ಸೀಮೆಎಣ್ಣೆ, ಕಬ್ಬಿನ ಸಿಪ್ಪೆ ಎಲ್ಲದರ ನಡುವೆ ನಮ್ಮ ಪಡಸಾಲೆಯ ವಾಸನೆ. ಅಪ್ಪನಿಗೂ ಬಂದಿರಬೇಕು. ಅವನು ಬಗ್ಗಿ ಸುರುಳಿಯ ಕೆಳಗೆ ಬೆರಳು ಆಡಿಸಿದ. ಬೆರಳ ತುದಿಯಲ್ಲಿ ಒಂದು ಹಳದಿ ಹನಿ ಬಂತು. ನೋಡುತ್ತಿರುವಂತೆ ಅದು ಬೆಳ್ಳಗಾಗಿ ಹೆಪ್ಪುಗಟ್ಟಿತು.

ನೆಲದ ಮೇಲೆ ಮಳೆಗಾಲವಿಡೀ ಬರೆದು ಅಳಿಸಿದ್ದರಲ್ಲಿ ತಪ್ಪಿದ್ದೆಲ್ಲಿ ಎಂದು ಆ ಹನಿಯಲ್ಲಿ ಅವನಿಗೆ ಅರ್ಥವಾಗಿರಬೇಕು. ಹಳೆಯ ಸುರುಳಿ ಗಾಳಿಯಲ್ಲಿ ತಿರುಗುತ್ತ ತಣ್ಣಗಿರುತ್ತಿತ್ತು. ಅವನದು ಸಿಲಿಂಡರಿನ ಮಗ್ಗುಲಲ್ಲಿ ಅಲುಗದೆ ಕೂತು ಅದರ ಕಾವನ್ನೆಲ್ಲ ಕುಡಿದಿತ್ತು. ಮೇಣ ಕರಗಿ ಕೆಳಗಿಳಿದು, ವಿದ್ಯುತ್ತು ಪದರದಿಂದ ಪದರಕ್ಕೆ ಒಳಗೇ ಹಾರತೊಡಗಿತ್ತು. ಸುರುಳಿಯನ್ನು ಬೇರೆ ಕಡೆ ಕೂರಿಸೋಣವೆಂದರೆ ಅಯಸ್ಕಾಂತದ ಜಾಗ, ಕಬ್ಬಿಣದ ಕಾಲು, ಕೊರೆದ ತೂತು ಎಲ್ಲವೂ ಅಲ್ಲಿಗೇ ಅಳತೆ ಮಾಡಿದ್ದವು. ಬೇರೆ ಸುರುಳಿ ಸುತ್ತೋಣವೆಂದರೆ ಅದು ತಿಂಗಳುಗಟ್ಟಲೆ ಕೆಲಸ. ಆ ಹೊತ್ತು ಮಾಡಬಹುದಾದದ್ದು ಒಂದೇ: ಆರುವ ತನಕ ಕಾಯುವುದು.

ಬೆಲ್ಲದಜ್ಜ ಎದ್ದು ಬಂದ. "ಕೊಪ್ಪರಿಗಿ ಅರ್ಧಾನೂ ಆಗಿಲ್ಲ. ಒಲಿ ಹಚ್ಚಲ್ಯೋ ಬ್ಯಾಡೋ? ಹಚ್ಚಿದ್ರ ತಳಾ ಸೀದು ಹೊಕ್ಕೈತಿ, ಬಿಟ್ರ ಹುಳಿ ಬರತೈತಿ. ಒಂದ್ ಹೇಳು."

"ಇನ್ನೊಂದೀಟು ತಡಿ ಅಜ್ಜಾ," ಎಂದ ಅಪ್ಪ.

ಅಕ್ಕ ಎಲ್ಲಿಂದಲೋ ಎರಡು ಮೊರ ತಂದಳು. ಒಂದನ್ನು ನನಗೆ ಕೊಟ್ಟಳು. ನಾವಿಬ್ಬರೂ ಎಂಜಿನ್ನಿನ ಎರಡು ಕಡೆ ಕೂತು, ಜ್ವರ ಬಂದ ಮಗುವಿಗೆ ಬೀಸಿದಂತೆ ಸುರುಳಿಗೆ ಗಾಳಿ ಬೀಸಿದೆವು. ತೋಳು ಬಿದ್ದುಹೋಗುವಂತೆ ಬೀಸಿದೆವು. ಆರಿದ ಮೇಲೆ ಅಪ್ಪ ಹ್ಯಾಂಡಲು ತಿರುಗಿಸಿದ. ಓಡಿತು! ಒಂದಿಷ್ಟು ಜಲ್ಲೆ ಒಳಗೆ ಹೋಯಿತು. ಮತ್ತೆ ನಿಂತಿತು. ಮತ್ತೆ ಬೀಸಿದೆವು. ಈ ಸಲ ಓಡಿದ್ದು ಇನ್ನೂ ಕಡಿಮೆ. ಕರಗಿ ಇಳಿದ ಮೇಣ ಮತ್ತೆ ಮೇಲೇರುವುದಿಲ್ಲವಲ್ಲ. ಜನ ಒಬ್ಬೊಬ್ಬರಾಗಿ ತಂಬಿಗೆ ಹಿಡಿದು ಮನೆಗೆ ಹೋದರು. ನಗುವವರಾದರೂ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸುವಷ್ಟು ಆಲೆಮನೆ ಸುಮ್ಮನಾಯಿತು. ಪಾತ್ರೆಯ ಸುತ್ತ ಜೇನುನೊಣ, ಕಣಜ ಗುಂಯ್‌ಗುಡುತ್ತಿದ್ದವು. ಕೊಪ್ಪರಿಗೆಯ ಹಾಲಿನ ಹಸಿರು ಕಂದು ತಿರುಗುತ್ತಿತ್ತು.

ಆಗ ದೊಡ್ಡವ್ವ ಕಬ್ಬಿನ ರಾಶಿಯಿಂದ ಇಳಿದು ಬಂದು ಅಪ್ಪನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ದನಿ ತಗ್ಗಿಸಿ, ತಪ್ಪು ಮಾಡಿದವಳ ಹಾಗೆ ಕೇಳಿದಳು: "ಏನಾತಪಾ? ನಾ ಕೊಟ್ಟ ಮ್ಯಾಣ ಕಮ್ಮಿ ಬಿತ್ತೇನು?"

ಅಪ್ಪನ ಬೆರಳ ತುದಿಯಲ್ಲಿ ಇನ್ನೂ ಮೇಣ ಇತ್ತು. ಅವನು ಆ ಕೈಯನ್ನು ನಿಧಾನಕ್ಕೆ ಧೋತರದ ಮಡಿಕೆಯೊಳಗೆ ಸರಿಸಿ ಒರೆಸಿಕೊಂಡ. ಅಕ್ಕ ನೋಡಿದಳು, ನಾನೂ ನೋಡಿದೆ.

"ಇಲ್ಲ ವೈನಿ," ಎಂದ. "ಮ್ಯಾಣ ಚೊಲೋ ಐತಿ. ನನ್ನ ಲೆಕ್ಕಾನ ತಪ್ಪೇತಿ."

ಅಕ್ಕ ತಲೆ ಬಗ್ಗಿಸಿ ಮತ್ತೆ ಮೊರ ಬೀಸಲು ಹಿಡಿದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು; ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅಪ್ಪ ಹ್ಯಾಂಡಲಿಗೆ ಕೈ ಹಾಕಿದ. ಎಂಜಿನ್ನು ಕೆಮ್ಮಲೂ ಇಲ್ಲ. ಅದರ ನಂತರ ಆ ಸುರುಳಿಯಲ್ಲಿ ಕಿಡಿ ಹುಟ್ಟಲೇ ಇಲ್ಲ.

ಹೊತ್ತು ಇಳಿಯುವಾಗ ಬೆಲ್ಲದಜ್ಜ ಯಾರನ್ನೂ ಕೇಳದೆ ಒಲೆ ಹಚ್ಚಿದ. ಸಣ್ಣ ಉರಿಯಲ್ಲಿ, ತಳ ಸೀಯದಂತೆ ತಿರುವುತ್ತ, ಇದ್ದ ಹಾಲನ್ನು ಕಾಸಿದ. ಅಷ್ಟು ಹೊತ್ತು ಬಿಸಿಲಿನಲ್ಲಿದ್ದ ಹಾಲು ಅವನ ಮಾತು ಕೇಳಲಿಲ್ಲ. ಮರುದಿನ ಬೆಳಗ್ಗೆ ಅಚ್ಚು ಕವುಚಿದಾಗ ಬೆಲ್ಲ ಗಟ್ಟಿಯಾಗಿ ಬೀಳಲಿಲ್ಲ, ಜೋನಿಯಾಗಿ ಹರಿಯಿತು. ಕಪ್ಪು ಜೋನಿ, ನಾಲಿಗೆಯ ತುದಿಗೆ ಸ್ವಲ್ಪ ಹುಳಿ. ಅರೆಯದೆ ಉಳಿದ ಕಬ್ಬು ಕೋಣಗಳು ಬರುವ ತನಕ ಬಿದ್ದು ಒಣಗಿತು.

ದೊಡ್ಡವ್ವ ಆ ಜೋನಿಯನ್ನೇ ಒಂದು ಹಿತ್ತಾಳೆಯ ಕೊಡಕ್ಕೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ತೊಟ್ಟಿಲಿಗೆ ಹೊರಟಳು. ಕೊಡವನ್ನು ರಸ್ತೆಯ ತನಕ ಹೊತ್ತವನು ಅಪ್ಪ. ಬಸ್ಸಿನಲ್ಲಿ ಅವಳು ಕೊಡವನ್ನು ತೊಡೆಯ ಮೇಲಿಟ್ಟುಕೊಂಡು, ಚೆಲ್ಲದಂತೆ ಎರಡೂ ಕೈಯಲ್ಲಿ ತಬ್ಬಿ ಕೂತಳು. ಮರಳಿ ಬಂದಾಗ, "ಬೀಗರು ಬಾಳ ರುಚಿ ಐತಿ ಅಂದ್ರು," ಎಂದು ಅಪ್ಪನಿಗೆ ಹೇಳಿದಳು. ಅವರು ನಿಜವಾಗಿ ಹಾಗೆ ಅಂದಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಮುಂದಿನ ವರ್ಷ ಅಪ್ಪ ಹೊಸ ಸುರುಳಿ ಮಾಡಿದ. ಮೇಣದ ಬದಲು ಅರಗು ಹಚ್ಚಿದ, ಸಿಲಿಂಡರಿನಿಂದ ದೂರ ಕೂರಿಸಿದ. ಅದು ದಿನವಿಡೀ ಓಡುತ್ತಿತ್ತೇನೋ. ಆದರೆ ಆಲೆಮನೆಗೆ ಕೋಣಗಳು ಬಂದಿದ್ದವು. ನಿನ್ನ ಎಂಜಿನ್ನು ಬೇಡ ಎಂದು ಅಪ್ಪನಿಗೆ ಯಾರೂ ಹೇಳಲಿಲ್ಲ. ತಗೊಂಡು ಬಾ ಎಂದೂ ಹೇಳಲಿಲ್ಲ. ಅಪ್ಪ ಪಡಸಾಲೆಯ ನೆಲವನ್ನು ತಾನೇ ನೀರು ಹಾಕಿ ತೊಳೆದ. ದೊಡ್ಡವ್ವ ಬಂದು ಕೂತಾಗಲೆಲ್ಲ, "ಉಳಿದ ಮ್ಯಾಣ ಇಟಗೊಂಡಿಯಲ್ಲಾ? ಮುಂದ ಬೇಕಾಗತೈತಿ," ಎನ್ನುತ್ತಿದ್ದಳು. ಇಟ್ಟುಕೊಂಡಿದ್ದೇನೆ ಎಂದು ಅಪ್ಪ ತಲೆಯಾಡಿಸುತ್ತಿದ್ದ. ಎಂಜಿನ್ನು ನಿಂತದ್ದು ಮೇಣ ಕರಗಿದ್ದಕ್ಕೆ ಎಂದು ತೀರಿಹೋಗುವ ತನಕ ಅವಳಿಗೆ ತಿಳಿಯಲಿಲ್ಲ.

ಮಕ್ಕಳೇ, ನಿಮ್ಮ ಅಮ್ಮನ ಸ್ಕೂಟರು ಗುಂಡಿ ಒತ್ತಿದರೆ ಹೊರಡುತ್ತದೆ. ಅದರೊಳಗೂ ಒಂದು ಸುರುಳಿ ಇದೆ, ಕಪ್ಪು ಗಟ್ಟಿ ಅಂಟಿನಲ್ಲಿ ಮುಳುಗಿದೆ. ಎಂಥ ಬಿಸಿಲಿಗೂ ಅದು ಕರಗುವುದಿಲ್ಲ. ಅದನ್ನು ಸುತ್ತಿದವರು ಯಾರು, ಅದಕ್ಕೆ ಹಚ್ಚಿದ್ದನ್ನು ಯಾರು ಸೆರಗಿನಲ್ಲಿ ಕಟ್ಟಿ ತಂದುಕೊಟ್ಟರು ಎಂದು ನೀವು ಕೇಳಬೇಕಾಗಿಲ್ಲ. ಕೆಟ್ಟರೆ ಶಿರಸಿಯ ಅಂಗಡಿಗೆ ಫೋನ್ ಮಾಡುತ್ತೀರಿ, ಸಂಜೆಯೊಳಗೆ ಬೇರೆಯದು ಬರುತ್ತದೆ. ಒಳ್ಳೆಯದೇ ಆಯಿತು. ಯಾರೂ ಮೊರ ಹಿಡಿದು ಎಂಜಿನ್ನಿಗೆ ಗಾಳಿ ಬೀಸುತ್ತ ಕೂರುವುದು ಬೇಡ.

ಉಳಿದ ಮೇಣ ನನ್ನ ಕಪಾಟಿನಲ್ಲಿದೆ. ನೀವು ಕೇಳುತ್ತಿದ್ದಿರಲ್ಲ, ಆ ಹಳದಿ ಉಂಡೆ ಏನು ಎಂದು. ಮುಷ್ಟಿಯಲ್ಲಿ ಹಿಡಿದು ನೋಡಿ. ಕೈಯ ಕಾವಿಗೇ ಅದು ಮೆತ್ತಗಾಗುತ್ತ ಬರುತ್ತದೆ. ಅಪ್ಪನೂ ಎಷ್ಟೋ ಸಂಜೆ ಹಾಗೆ ಹಿಡಿದು ಕೂತಿದ್ದನ್ನು ನಾನು ನೋಡಿದ್ದೇನೆ.

ಅಂದು ತೊಟ್ಟಿಲಲ್ಲಿದ್ದ ದೊಡ್ಡವ್ವನ ಮೊಮ್ಮಗಳು ಈಗ ನಿಮಗೆ ಹಾವೇರಿಯ ಅಜ್ಜಿ. ಮುಂದಿನ ಸಲ ಬಂದಾಗ ನಿಮ್ಮ ಕೈಯಲ್ಲಿ ಈ ಉಂಡೆ ಕಂಡು 'ಇದೇನು' ಎಂದು ಕೇಳಿದರೆ, ಅವಳ ಅಜ್ಜಿ, ನಮ್ಮ ದೊಡ್ಡವ್ವ, ಎಂಜಿನ್ನಿಗೆ ಕೊಟ್ಟಿದ್ದ ಮೇಣ ಎಂದು ಹೇಳಿ. ಎಂಜಿನ್ನು ಯಾಕೆ ನಿಂತಿತು ಎಂದೂ ಅವಳು ಕೇಳುತ್ತಾಳೆ. ಆಗ ನನ್ನ ಅಪ್ಪ ಹೇಳಿದ್ದನ್ನೇ ಹೇಳಿ. ಮೇಣ ಚೆನ್ನಾಗಿತ್ತು, ಲೆಕ್ಕ ತಪ್ಪಿತ್ತು.